ನಂತೂರು, ಪಡೀಲು, ಜೆಪ್ಪು: ಮಂಗಳೂರಿನ ದಾರಿ ಸಿಕ್ಕಿಬೀಳುವುದು ಎಲ್ಲಿ?

ಸುರತ್ಕಲ್ ಕಡೆಯಿಂದ ತೊಕ್ಕೊಟ್ಟಿಗೆ ಹೊರಟ ಲಾರಿಯೊಂದನ್ನು ನೋಡಿ. ಬೈಕಂಪಾಡಿ, ಪಣಂಬೂರು ದಾಟುವವರೆಗೆ ಒಳ್ಳೆ ವೇಗ. ಕೂಳೂರು ಸೇತುವೆ ಹತ್ತಿರ ಸ್ವಲ್ಪ ತಡೆ. ಕೊಟ್ಟಾರ ಚೌಕಿಯ ಫ್ಲೈಓವರ್ ಮೇಲೆ ಮತ್ತೆ ಓಟ. ಕೆಪಿಟಿ (ಪಾಲಿಟೆಕ್ನಿಕ್) ಜಂಕ್ಷನ್ ಬಂದಾಗ ನಿಧಾನ, ನಂತೂರಿನಲ್ಲಿ ನಿಂತೇ ಬಿಡುತ್ತದೆ. ನಿಂತವರ ಬಾಯಲ್ಲಿ ಬರುವ ಮಾತು ಒಂದೇ: "ಈ ರಸ್ತೆ ಇನ್ನೂ ಅಗಲ ಮಾಡ್ಬೇಕು."

ಆದರೆ ರಸ್ತೆ ಆಗಲೇ ಅಗಲ ಇದೆ, ಅಲ್ವಾ? ಸುರತ್ಕಲ್‌ನಿಂದ ತಲಪಾಡಿವರೆಗೆ ರಾಷ್ಟ್ರೀಯ ಹೆದ್ದಾರಿ 66 ನಾಲ್ಕು ಲೇನ್‌ನದ್ದು. ನಡುವೆ ಎಲ್ಲೂ ಅಷ್ಟು ತೊಂದರೆ ಇಲ್ಲ. ತೊಂದರೆ ಇರುವುದು ಒಂದು ರಸ್ತೆ ಇನ್ನೊಂದಕ್ಕೆ ಸೇರುವಲ್ಲಿ, ರಸ್ತೆ ರೈಲು ಹಳಿಯನ್ನು ದಾಟುವಲ್ಲಿ, ಒಂದು ಇಲಾಖೆಯ ಗಡಿ ಮುಗಿದು ಇನ್ನೊಂದರ ಗಡಿ ಶುರುವಾಗುವಲ್ಲಿ. ಮಂಗಳೂರಿನ ಮಟ್ಟಿಗೆ ರಸ್ತೆ ಮತ್ತು ರೈಲು ಯೋಜನೆ ಅಂದರೆ ಮುಖ್ಯವಾಗಿ ಈ ಕೂಡುವ ಜಾಗಗಳ ಯೋಜನೆ. ಯಾಕೆ ಹಾಗೆ ಅನ್ನುವುದನ್ನು ಬಿಡಿಸಿ ಹೇಳುವ ಪ್ರಯತ್ನ ಇದು.

ಮೊದಲು ಊರಿನ ನೆಲ. ಪಡುವಣದಲ್ಲಿ ಸಮುದ್ರ. ತೆಂಕಣದಲ್ಲಿ ನೇತ್ರಾವತಿ, ಬಡಗಣದಲ್ಲಿ ಫಲ್ಗುಣಿ. ಎರಡೂ ಹೊಳೆ ಬೆಂಗ್ರೆ ಹತ್ತಿರ ಒಟ್ಟಾಗಿ ಕಡಲು ಸೇರುತ್ತವೆ. ಮೂಡಣಕ್ಕೆ ಗುಡ್ಡ, ಗುಡ್ಡದ ಸಂದಿಯಲ್ಲಿ ಬೈಲು, ಅಂದರೆ ತಗ್ಗಿನ ಗದ್ದೆ. ಹಾಗಾಗಿ ಊರಿನೊಳಗೆ ಬರಲು ಬಾಗಿಲುಗಳೇ ಕಮ್ಮಿ. ಕೇರಳದ ಕಡೆಯಿಂದ ಬಂದರೆ ಜೆಪ್ಪಿನಮೊಗರಿನ ನೇತ್ರಾವತಿ ಸೇತುವೆ. ಉಡುಪಿ ಕಡೆಯಿಂದ ಕೂಳೂರು ಸೇತುವೆ. ಅಲ್ಲಿನ ಹಳೆಯ ಕಮಾನು ಸೇತುವೆ 1952ರದ್ದು. ಬಿ.ಸಿ. ರೋಡ್ ಕಡೆಯಿಂದ ಪಡೀಲು, ಮೂಡುಬಿದಿರೆ ಕಡೆಯಿಂದ ಕುಲಶೇಖರ. ಈ ನಾಲ್ಕೂ ಬಾಗಿಲಿನಿಂದ ಬಂದವರು ಸೇರುವುದು ನಂತೂರು ಮತ್ತು ಪಂಪ್‌ವೆಲ್ ನಡುವಿನ ಒಂದು ಚಿಕ್ಕ ತುಂಡಿನಲ್ಲಿ. 2011ರ ಜನಗಣತಿ ಪ್ರಕಾರ ಪಾಲಿಕೆ ವ್ಯಾಪ್ತಿಯಲ್ಲೇ ಸುಮಾರು 5 ಲಕ್ಷ ಜನ ಇದ್ದರು. ಆಸ್ಪತ್ರೆ, ಕಾಲೇಜು, ಕೋರ್ಟು ಅಂತ ಜಿಲ್ಲೆಯ ಮೂಲೆ ಮೂಲೆಯಿಂದ, ಕಾಸರಗೋಡಿನಿಂದ ದಿನಾ ಬಂದು ಹೋಗುವವರು ಬೇರೆ. ಇದರ ಮೇಲೆ ಬಂದರು. 1974ರಲ್ಲಿ ನವಮಂಗಳೂರು ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿತು. ಪಣಂಬೂರಿನಿಂದ ಹೊರಟ ಗ್ಯಾಸ್ ಟ್ಯಾಂಕರ್ ಶಿರಾಡಿ ಘಾಟಿಗೆ ಹೋಗಬೇಕಾದರೂ ಊರಿನ ಮಧ್ಯದಿಂದಲೇ ಹೋಗಬೇಕು.

ನಂತೂರಿನ ಲೆಕ್ಕ

ನಂತೂರಿನಲ್ಲಿ ನಾಲ್ಕು ದಾರಿ ಸೇರುತ್ತವೆ. ಬಡಗಿಗೆ ಕೆಪಿಟಿ, ತೆಂಕಿಗೆ ಪಂಪ್‌ವೆಲ್, ಪಡುವಕ್ಕೆ ಕದ್ರಿ ಮಲ್ಲಿಕಟ್ಟೆ, ಮೂಡಕ್ಕೆ ಬಿಕರ್ನಕಟ್ಟೆ. ಬಿಕರ್ನಕಟ್ಟೆ ದಾಟಿದರೆ ಒಂದು ದಾರಿ ಮೂಡುಬಿದಿರೆಗೆ, ಇನ್ನೊಂದು ಪಡೀಲಿನ ಮೇಲಾಗಿ ಬೆಂಗಳೂರಿಗೆ.

ಸಂಚಾರ ಎಂಜಿನಿಯರುಗಳು ಜಂಕ್ಷನ್ ನೋಡುವ ಒಂದು ಸರಳ ವಿಧಾನ ಇದೆ. ಬೇರೆ ಬೇರೆ ಕಡೆಗೆ ಹೋಗುವ ಎರಡು ವಾಹನಗಳ ಜಾಡು ಎಲ್ಲೆಲ್ಲಿ ಒಂದಕ್ಕೊಂದು ತಾಗುತ್ತದೋ ಅಲ್ಲೆಲ್ಲ ಒಂದು ಚುಕ್ಕಿ ಇಡುವುದು. ಮೂರು ದಾರಿ ಸೇರುವ ಸಾಧಾರಣ ಜಂಕ್ಷನ್‌ನಲ್ಲಿ ಇಂಥ ಚುಕ್ಕಿ 9. ನಾಲ್ಕನೇ ದಾರಿ ಸೇರಿದ ಕೂಡಲೇ ಅದು 32 ಆಗುತ್ತದೆ. ಒಂದೇ ಒಂದು ದಾರಿ ಜಾಸ್ತಿಯಾದದ್ದಕ್ಕೆ ಗೊಂದಲ ಮೂರೂವರೆ ಪಟ್ಟು. ಅದೇ ನಾಲ್ಕು ದಾರಿಗೆ ನಡುವೆ ಒಂದು ವೃತ್ತ ಇಟ್ಟು ಎಲ್ಲರನ್ನೂ ಸುತ್ತಿಸಿದರೆ ಚುಕ್ಕಿ 8ಕ್ಕೆ ಇಳಿಯುತ್ತದೆ. ಹಾಗಾಗಿಯೇ ಹಳೆಯ ಊರುಗಳಲ್ಲಿ ಸರ್ಕಲ್‌ಗಳು ಹುಟ್ಟಿಕೊಂಡವು. ವಾಹನ ಕಮ್ಮಿ ಇರುವವರೆಗೆ ಸರ್ಕಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಮಿತಿ ದಾಟಿದ ಮೇಲೆ ಒಳಗೆ ಬಂದವರಿಗೆ ಹೊರಗೆ ಹೋಗಲು ಆಗುವುದಿಲ್ಲ, ಹೊರಗಿದ್ದವರಿಗೆ ಒಳಗೆ ಬರಲು ಆಗುವುದಿಲ್ಲ.

ಹಾಗಾದರೆ ಸಿಗ್ನಲ್ ಹಾಕೋಣ ಅಂದರೆ ಇನ್ನೊಂದು ಲೆಕ್ಕ. ಒಂದು ಗಂಟೆಯಲ್ಲಿ ಇರುವುದು 60 ನಿಮಿಷ. ನಾಲ್ಕು ದಾರಿಗೆ ಸಮವಾಗಿ ಹಂಚಿದರೆ ತಲಾ 15 ನಿಮಿಷ. ಹಳದಿ ದೀಪಕ್ಕೆ, ವಾಹನ ಹೊರಡುವ ತಡಕ್ಕೆ ಹೋಗುವುದನ್ನು ಸದ್ಯ ಬಿಟ್ಟುಬಿಡಿ. ಒಂದು ದಿಕ್ಕಿಗೆ ಎರಡು ಲೇನ್ ಇರುವ ಹೆದ್ದಾರಿಗೆ ಗಂಟೆಯ ಕಾಲು ಭಾಗ ಮಾತ್ರ ಹಸಿರು ಸಿಕ್ಕಿದರೆ, ಅದು ಮಾಡುವ ಕೆಲಸ ಅರ್ಧ ಲೇನ್‌ನದ್ದು. ಈಗ ಕೋಟಿಗಟ್ಟಲೆ ಸುರಿದು, ಅಂಗಡಿ ಮನೆ ಒಡೆದು, ಅದನ್ನು ಆರು ಲೇನ್ ಮಾಡಿದೆವು ಅಂತ ಇಟ್ಟುಕೊಳ್ಳಿ. ಒಂದು ದಿಕ್ಕಿಗೆ ಮೂರು ಲೇನ್. ಅದರ ಕಾಲು ಭಾಗ ಅಂದರೆ ಮುಕ್ಕಾಲು ಲೇನ್. ತಡೆಯಿಲ್ಲದೆ ಓಡುವ ಒಂದೇ ಒಂದು ಲೇನ್‌ಗಿಂತ ಅದೂ ಕಮ್ಮಿ. ರಸ್ತೆ ಅಗಲ ಮಾಡಿದ ಮೇಲೂ ಜನ ಅದೇ ಜಾಗದಲ್ಲಿ ನಿಲ್ಲುವುದಕ್ಕೆ ಕಾರಣ ಇದು. ಸಾಲು ಮೊದಲಿಗಿಂತ ದಪ್ಪ ಆಗುತ್ತದೆ, ಅಷ್ಟೇ.

ಇದಕ್ಕೆ ಇರುವ ದಾರಿ ಒಂದು ರಸ್ತೆಯನ್ನು ಮೇಲೆ ಒಯ್ಯುವುದು ಅಥವಾ ಕೆಳಗೆ ಇಳಿಸುವುದು. ಕೆಪಿಟಿ ಮತ್ತು ನಂತೂರಿಗೆ ಮೇಲ್ಸೇತುವೆ ಬೇಕು ಅಂತ ಬಹಳ ವರ್ಷ ಒತ್ತಾಯ ನಡೆದದ್ದು ಈ ಕಾರಣಕ್ಕೇ. ಆದರೆ ಫ್ಲೈಓವರ್ ಎಂದರೆ ಜಂಕ್ಷನ್ ಮೇಲಿನ ತುಂಡು ಮಾತ್ರ ಅಲ್ಲ. ಕೆಳಗೆ ಲಾರಿ ಹೋಗಲು 5.5 ಮೀಟರ್ ಎತ್ತರ ಬಿಡಬೇಕು. ಅದರ ಮೇಲೆ ತೊಲೆ ಮತ್ತು ಹಾಸಿನ ದಪ್ಪ ಸೇರಿ ರಸ್ತೆ ಸುಮಾರು ಏಳೂವರೆ ಮೀಟರ್ ಏರಬೇಕು. ತುಂಬಿದ ಲಾರಿ ಏದುಸಿರು ಬಿಡದೆ ಹತ್ತಬೇಕಾದರೆ 30 ಮೀಟರಿಗೆ 1 ಮೀಟರ್ ಏರು ಒಳ್ಳೆಯದು. ಏಳೂವರೆಗೆ ಗುಣಿಸಿದರೆ 225 ಮೀಟರ್, ಅದೂ ಒಂದು ಕಡೆಗೆ. ಎರಡೂ ಕಡೆ ಸೇರಿ ಅರ್ಧ ಕಿಲೋಮೀಟರಿನ ಹತ್ತಿರ. ಅಷ್ಟು ಉದ್ದಕ್ಕೂ ಪಕ್ಕದಲ್ಲಿ ಸರ್ವಿಸ್ ರಸ್ತೆ, ಚರಂಡಿ, ನಡೆಯುವವರಿಗೆ ಜಾಗ ಬೇಕು. ಜಾಗ ಬೇಕಾಗುವುದು ಕೂಡುವಲ್ಲಿ. ನಾವು ಕಟ್ಟಡ ಕಟ್ಟಿರುವುದೂ ಅಲ್ಲೇ. ಅಂಗಡಿಗೆ, ಮದುವೆ ಹಾಲ್‌ಗೆ, ಆಸ್ಪತ್ರೆಗೆ ಜಂಕ್ಷನ್‌ಗಿಂತ ಒಳ್ಳೆ ಜಾಗ ಎಲ್ಲಿದೆ?

ಪಂಪ್‌ವೆಲ್ ಫ್ಲೈಓವರ್ ನಮಗೆಲ್ಲ ನೆನಪಿದೆ. 2010ರ ಹೊತ್ತಿಗೆ ಶುರುವಾದ ಕೆಲಸ ಸಂಚಾರಕ್ಕೆ ತೆರೆದುಕೊಂಡದ್ದು 2020ರ ಜನವರಿ 31ಕ್ಕೆ. ನಡುವೆ ಎಷ್ಟು ಗಡುವು ಬಂದು ಹೋದವೋ! ಜನ ಸಿಟ್ಟಾದದ್ದು ಸರಿಯೇ. ಆದರೆ ಇಂಥ ಕೆಲಸ ಯಾಕೆ ಎಳೆಯುತ್ತದೆ ಅಂತ ತಿಳಿದುಕೊಂಡರೆ ಮುಂದಿನದನ್ನು ಕೇಳುವ ರೀತಿ ಬದಲಾಗುತ್ತದೆ. ಜಂಕ್ಷನ್‌ನ ಅಡಿಯಲ್ಲಿ ಇನ್ನೊಂದು ಊರೇ ಇರುತ್ತದೆ. ನೀರಿನ ಪೈಪು, ಒಳಚರಂಡಿ, ಕರೆಂಟಿನ ಕೇಬಲ್, ಫೋನ್ ಕೇಬಲ್, ಈಚೆಗೆ ಗ್ಯಾಸ್ ಪೈಪು. ತುಂಬೆಯಿಂದ ಮಂಗಳೂರಿಗೆ ನೀರು ತರುವ ದೊಡ್ಡ ಪೈಪುಗಳು ಕೂಡ ಊರಿಗೆ ಬರುವುದು ಇದೇ ಮೂಡಣ ಬಾಗಿಲಿನಿಂದ. ಒಂದೊಂದಕ್ಕೆ ಒಬ್ಬೊಬ್ಬ ಯಜಮಾನ. ಹೆದ್ದಾರಿ ಪ್ರಾಧಿಕಾರದ ಕಂಬ ನಿಲ್ಲಬೇಕಾದರೆ ಕರೆಂಟಿನ ಮೆಸ್ಕಾಂ ಕಂಬ ತೆಗೆಯಬೇಕು, ಪಾಲಿಕೆ ಪೈಪು ಸರಿಸಬೇಕು. ಖರ್ಚು ಯಾರದ್ದು, ಎಷ್ಟು ದಿನ ನೀರು ನಿಲ್ಲಿಸುವುದು ಅನ್ನುವ ಪತ್ರ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಓಡಾಡುತ್ತಿರುವಾಗ ಕ್ರೇನ್ ಸುಮ್ನೆ ನಿಂತಿರುತ್ತದೆ. ಇದರ ನಡುವೆ ಮಳೆಗಾಲ. ನಮ್ಮಲ್ಲಿ ಮಣ್ಣಿನ ಕೆಲಸಕ್ಕೆ ಸಿಗುವುದು ಅಕ್ಟೋಬರ್‌ನಿಂದ ಮೇ ತನಕ. ಮೇ ಕೊನೆಗೆ ತಪ್ಪಿದ ಕೆಲಸ ಒಂದು ತಿಂಗಳು ತಪ್ಪುವುದಲ್ಲ, ನಾಲ್ಕು ತಿಂಗಳು ತಪ್ಪುತ್ತದೆ.

ನಂತೂರಿಗೆ ಇನ್ನೊಂದು ಸಂಗತಿ ಇತ್ತು. ನಾಲ್ಕು ಲೇನ್ ಮಾಡುವಾಗ ಸುರತ್ಕಲ್‌ನಿಂದ ನಂತೂರಿನವರೆಗಿನ ಹೆದ್ದಾರಿ ಬಂದರು ಸಂಪರ್ಕ ರಸ್ತೆಯ ಯೋಜನೆಯಲ್ಲಿ ಬಂತು. ನಂತೂರಿನಿಂದ ತಲಪಾಡಿವರೆಗಿನದ್ದು ಕುಂದಾಪುರ ಕಡೆಯ ತುಂಡಿನ ಜೊತೆ ಬೇರೆ ಗುತ್ತಿಗೆಯಲ್ಲಿ ಹೋಯಿತು. ಎರಡು ಯೋಜನೆಗಳು ಸೇರುವ ಗೆರೆ ಬಿದ್ದದ್ದು ಸರಿಯಾಗಿ ಊರಿನ ಅತಿ ಕಷ್ಟದ ಜಂಕ್ಷನ್ ಮೇಲೆ. ನಕ್ಷೆಯಲ್ಲಿ ಗುತ್ತಿಗೆಯ ಗಡಿ ಎಳೆಯುವಾಗ ಅದನ್ನು ಜಂಕ್ಷನ್‌ನಿಂದ ಒಂದೆರಡು ಕಿಲೋಮೀಟರ್ ಆಚೆ ಎಳೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆಗ ಜಂಕ್ಷನ್ ಪೂರ್ತಿಯಾಗಿ ಒಬ್ಬರ ಜವಾಬ್ದಾರಿ ಆಗುತ್ತದೆ.

ಗೇಟು ಯಾಕೆ ಅಷ್ಟು ಹೊತ್ತು ಬಿದ್ದಿರುತ್ತದೆ?

ಮೋರ್ಗನ್ಸ್ ಗೇಟ್ ಕಡೆಯಿಂದ ಜೆಪ್ಪಿನಮೊಗರಿಗೆ ಹೋಗುವ ದಾರಿಯಲ್ಲಿ ಮಹಾಕಾಳಿಪಡ್ಪು ಸಿಗುತ್ತದೆ. ಸೆಂಟ್ರಲ್ ಸ್ಟೇಷನ್‌ಗೆ ಹೋಗಿಬರುವ ರೈಲುಗಳು ಇಲ್ಲಿ ರಸ್ತೆ ದಾಟುತ್ತವೆ. ಇಲ್ಲಿನ ರೈಲ್ವೆ ಗೇಟಿನಲ್ಲಿ ಕಾದವರಿಗೆಲ್ಲ ಒಂದು ಪ್ರಶ್ನೆ ಬಂದಿರುತ್ತದೆ: ರೈಲು ಕಣ್ಣಿಗೇ ಕಾಣುವುದಿಲ್ಲ, ಗೇಟು ಯಾಕೆ ಇಷ್ಟು ಬೇಗ ಹಾಕಿದ್ದು?

ಗೇಟು ಹಾಕುವುದು ರೈಲು ಬಂತು ಅಂತ ಅಲ್ಲ, ರೈಲು ಬರಲಿಕ್ಕೆ ಅಂತ. ಇಂಥ ಗೇಟನ್ನು ಸಿಗ್ನಲ್ ಜೊತೆ ಕಟ್ಟಿಹಾಕಿರುತ್ತಾರೆ. ಗೇಟು ಪೂರ್ತಿ ಇಳಿದು ಲಾಕ್ ಆಗುವ ತನಕ ಸಿಗ್ನಲ್ ಹಸಿರಾಗುವುದೇ ಇಲ್ಲ. ವೇಗದಲ್ಲಿರುವ ರೈಲು ಬ್ರೇಕ್ ಹಾಕಿದ ಮೇಲೆ ನಿಲ್ಲಲು ಒಂದು ಕಿಲೋಮೀಟರಿನ ಆಸುಪಾಸು ಬೇಕು. ಅಷ್ಟು ದೂರ ಇರುವಾಗಲೇ ಚಾಲಕನಿಗೆ ಹಸಿರು ಕಾಣಬೇಕು. ಒಬ್ಬ ಬೈಕಿನವನು ಕೊನೆ ಗಳಿಗೆಯಲ್ಲಿ ನುಗ್ಗಿ ಗೇಟು ಇಳಿಯಲು ಬಿಡದಿದ್ದರೆ ಅತ್ತ ರೈಲು ನಿಲ್ಲುತ್ತದೆ. ಆ ರೈಲು ನಿಂತರೆ ಅದರ ಹಿಂದಿನದ್ದೂ ನಿಲ್ಲುತ್ತದೆ. ಸೆಂಟ್ರಲ್‌ನಲ್ಲಿ ಪ್ಲಾಟ್‌ಫಾರ್ಮ್ ಖಾಲಿಯಾಗಲು ಕಾಯುತ್ತಿರುವ ಗಾಡಿಗೆ ಇನ್ನಷ್ಟು ತಡ. ಒಂದು ಗೇಟಿನ ಐದು ನಿಮಿಷ ರಸ್ತೆಯನ್ನೂ ಹಾಳು ಮಾಡುತ್ತದೆ, ರೈಲಿನ ಸಮಯವನ್ನೂ.

ಯಾವ ಗೇಟು ತೆಗೆದು ಸೇತುವೆ ಮಾಡಬೇಕು ಅನ್ನುವುದಕ್ಕೆ ರೈಲ್ವೆಯಲ್ಲಿ ಒಂದು ಅಳತೆ ಇದೆ, ಟಿವಿಯು (ಟ್ರೈನ್ ವೆಹಿಕಲ್ ಯುನಿಟ್) ಅಂತ. ದಿನಕ್ಕೆ ಹಾದುಹೋಗುವ ರೈಲುಗಳನ್ನು ದಿನಕ್ಕೆ ಹಾದುಹೋಗುವ ವಾಹನಗಳಿಂದ ಗುಣಿಸುವುದು. ಗುಣಲಬ್ಧ 1 ಲಕ್ಷ ದಾಟಿದರೆ ರೈಲ್ವೆ ಮತ್ತು ರಾಜ್ಯ ಅರ್ಧರ್ಧ ಖರ್ಚು ಹಾಕಿ ಮೇಲ್ಸೇತುವೆ ಅಥವಾ ಕೆಳಸೇತುವೆ ಮಾಡಬಹುದು ಅನ್ನುವುದು ಬಹುಕಾಲದಿಂದ ನಡೆದುಬಂದ ನಿಯಮ. 40 ರೈಲು, 2,500 ವಾಹನ ಇದ್ದರೆ ಸಾಕು, ಲಕ್ಷ ಆಗಿಹೋಯಿತು. ಊರಿನೊಳಗಿನ ಗೇಟಿಗೆ ಇದೇನೂ ದೊಡ್ಡ ಸಂಖ್ಯೆ ಅಲ್ಲ.

ಮಹಾಕಾಳಿಪಡ್ಪುವಿನಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಕೈಗೆತ್ತಿಕೊಂಡದ್ದು ಕೆಳಸೇತುವೆ. ರೈಲು ನಿಲ್ಲಿಸದೆ ಹಳಿಯ ಅಡಿಯಲ್ಲಿ ರಸ್ತೆ ಹೇಗೆ ಮಾಡುತ್ತಾರೆ ಅನ್ನುವುದು ನೋಡಲು ಚಂದ. ಮೊದಲು ಹಳಿಯ ಪಕ್ಕದಲ್ಲಿ ದೊಡ್ಡ ಗುಂಡಿ ತೋಡುತ್ತಾರೆ. ಗುಂಡಿಯ ತಳಕ್ಕೆ ಕಾಂಕ್ರೀಟು ಹಾಕಿ ನುಣ್ಣಗೆ ಮಾಡುತ್ತಾರೆ. ಅದರ ಮೇಲೆ ಪೂರ್ತಿ ರಸ್ತೆ ಹಿಡಿಸುವಷ್ಟು ದೊಡ್ಡ ಕಾಂಕ್ರೀಟು ಪೆಟ್ಟಿಗೆ ಎರಕ ಹೊಯ್ಯುತ್ತಾರೆ. ಪೆಟ್ಟಿಗೆಯ ಹಿಂದೆ ಗಟ್ಟಿ ಗೋಡೆ, ಗೋಡೆಗೂ ಪೆಟ್ಟಿಗೆಗೂ ನಡುವೆ ಹೈಡ್ರಾಲಿಕ್ ಜಾಕ್‌ಗಳು. ಪೆಟ್ಟಿಗೆಯ ಮುಂದಿನ ಅಂಚಿಗೆ ಉಕ್ಕಿನ ಬಾಯಿ. ಜಾಕ್ ಒತ್ತಿದಾಗ ಪೆಟ್ಟಿಗೆ ಮಣ್ಣಿನೊಳಗೆ ಸ್ವಲ್ಪ ಸ್ವಲ್ಪವೇ ನುಗ್ಗುತ್ತದೆ. ನುಗ್ಗಿದಷ್ಟು ಮಣ್ಣನ್ನು ಒಳಗಿನಿಂದ ತೆಗೆಯುತ್ತಾರೆ. ಮತ್ತೆ ಒತ್ತು, ಮತ್ತೆ ಮಣ್ಣು. ಮೇಲೆ ಹಳಿಗೆ ಆಸರೆ ಕೊಟ್ಟಿರುತ್ತಾರೆ, ರೈಲು ಮೆಲ್ಲಗೆ ಹೋಗುತ್ತಲೇ ಇರುತ್ತದೆ. ನೆಲದ ನೀರು ಮೇಲೆಯೇ ಇರುವ, ಹೊಳೆ ಹತ್ತಿರದ ಜಾಗದಲ್ಲಿ ಈ ಕೆಲಸ ಎಷ್ಟು ನಾಜೂಕಿನದ್ದು ಅಂತ ಯೋಚಿಸಿ. ಮಣ್ಣು ಕುಸಿದರೆ ಹಳಿಯೇ ಕೂರುತ್ತದೆ. ಇಲ್ಲಿನ ಕೆಲಸ ವರ್ಷಗಟ್ಟಲೆ ಎಳೆಯಿತು, ಸುತ್ತಿನ ಜನ ಬಹಳ ಕಷ್ಟಪಟ್ಟರು.

ಮೇಲ್ಸೇತುವೆಯನ್ನೇ ಮಾಡಬಹುದಿತ್ತಲ್ಲ ಅಂತ ಕೇಳಬಹುದು. ರೈಲಿನ ಮೇಲೆ ವಿದ್ಯುತ್ ತಂತಿ ಇರುವುದರಿಂದ ಹಳಿಯಿಂದ ಸುಮಾರು ಆರೂವರೆ ಮೀಟರ್ ಬಿಡಬೇಕು. ಹಾಗಾಗಿ ರಸ್ತೆ ಎಂಟು ಮೀಟರಿಗೂ ಮೇಲೆ ಏರಬೇಕು, ಎರಡೂ ಕಡೆ ಇನ್ನೂ ಉದ್ದದ ಜಾಗ ಬೇಕು. ಮನೆ ಒತ್ತೊತ್ತಾಗಿರುವ ಕಡೆ ಅದು ಆಗದ ಮಾತು. ಕೆಳಸೇತುವೆಗೆ ಜಾಗ ಕಮ್ಮಿ ಸಾಕು. ಅದರ ಸಮಸ್ಯೆ ನೀರು. ಉಡುಪಿಯವರಿಗೆ ಈ ಎರಡೂ ಕತೆ ಗೊತ್ತು. ಮಣಿಪಾಲದ ದಾರಿಯ ಇಂದ್ರಾಳಿ ರೈಲ್ವೆ ಮೇಲ್ಸೇತುವೆ ಎಷ್ಟು ವರ್ಷ ಹಿಡಿಯಿತು, ಸಂತೆಕಟ್ಟೆ ಅಂಡರ್‌ಪಾಸ್ ಎಷ್ಟು ಮಳೆಗಾಲ ನುಂಗಿತು ಅಂತ ಅವರನ್ನೇ ಕೇಳಬೇಕು.

ನೀರು ಮತ್ತು ಶೇಡಿ ಮಣ್ಣು

ಪಡೀಲಿನಲ್ಲಿ ಮೇಲೆ ರೈಲು, ಕೆಳಗೆ ಹೆದ್ದಾರಿ. ಜೋರು ಮಳೆ ಬಂದಾಗ ಅಲ್ಲಿ ನೀರು ನಿಲ್ಲುತ್ತದೆ. ಪಂಪ್‌ವೆಲ್ ಫ್ಲೈಓವರಿನ ಅಡಿಯಲ್ಲೂ ನಿಲ್ಲುತ್ತದೆ, ಕೊಟ್ಟಾರ ಚೌಕಿಯಲ್ಲೂ ನಿಲ್ಲುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು ಇದು. ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಗುಡ್ಡದಿಂದ ಇಳಿದ ನೀರು ಬೈಲಿಗೆ, ಬೈಲಿನಿಂದ ತೋಡಿಗೆ, ತೋಡಿನಿಂದ ಹೊಳೆಗೆ ಹೋಗುವುದು ಅದರ ಹಳೆ ದಾರಿ. ಪಂಪ್‌ವೆಲ್, ಕೊಟ್ಟಾರ ಇವೆಲ್ಲ ತಗ್ಗಿನ ಜಾಗಗಳು, ನೀರಿನ ದಾರಿಯಲ್ಲೇ ಇವೆ. ಬೈಲಿಗೆ ಮಣ್ಣು ತುಂಬಿ ಕಟ್ಟಡ ಕಟ್ಟಿದೆವು, ತೋಡನ್ನು ಕಿರಿದು ಮಾಡಿದೆವು, ಹೆದ್ದಾರಿಯನ್ನು ಅಡ್ಡಕ್ಕೆ ಎತ್ತರಿಸಿದೆವು. ಭರತದ (ಕಡಲು ಉಬ್ಬುವ) ಹೊತ್ತಿನಲ್ಲಿ ಹೊಳೆಯ ನೀರೇ ಮೇಲೆ ಬಂದಿರುವುದರಿಂದ ತೋಡಿನ ನೀರು ಇಳಿಯುವುದೂ ಇಲ್ಲ. ಆದ್ದರಿಂದ ಇಲ್ಲಿ ಜಂಕ್ಷನ್ ಯೋಜನೆ ಮಾಡುವವರು ವಾಹನ ಎಣಿಸುವ ಮೊದಲು ನೀರಿನ ಲೆಕ್ಕ ಹಾಕಬೇಕು. ಯಾವ ಗುಡ್ಡದ ನೀರು ಇಲ್ಲಿಗೆ ಬರುತ್ತದೆ, ಯಾವ ತೋಡಿಗೆ ಹೋಗುತ್ತದೆ, ಭರತ ಇದ್ದಾಗ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ಗೊತ್ತಿಲ್ಲದೆ ಮಾಡಿದ ಅಂಡರ್‌ಪಾಸ್ ಮಳೆಗಾಲದಲ್ಲಿ ಕೆರೆ ಆಗುತ್ತದೆ.

ಗುಡ್ಡ ಕಡಿಯುವುದರಲ್ಲೂ ಇಂಥದ್ದೇ ಒಂದು ಅಪಾಯ ಇದೆ. ನಮ್ಮ ಗುಡ್ಡಗಳ ಮೇಲ್ಪದರ ಮುರಕಲ್ಲು, ಗಟ್ಟಿ. ಅದರ ಅಡಿಯಲ್ಲಿ ಇರುವುದು ಶೇಡಿ ಮಣ್ಣು. ಒಣಗಿರುವಾಗ ಅದೂ ಗಟ್ಟಿಯಾಗಿಯೇ ಕಾಣುತ್ತದೆ. ನೀರು ಕುಡಿದರೆ ಕೆಸರಿನ ಹಾಗೆ ಜಾರುತ್ತದೆ. ರಸ್ತೆಗೋ ಹಳಿಗೋ ಗುಡ್ಡವನ್ನು ನೆಟ್ಟಗೆ ಕಡಿದಾಗ ಈ ಶೇಡಿ ಪದರ ಹೊರಗೆ ಬಿದ್ದು ಮಳೆಗೆ ಒಡ್ಡಿಕೊಳ್ಳುತ್ತದೆ. ಕೆಳಗಿನದ್ದು ಜಾರಿದಾಗ ಮೇಲಿನ ಮುರಕಲ್ಲು ಹಾಗೆಯೇ ಕಳಚಿ ಬೀಳುತ್ತದೆ. 2019ರ ಆಗಸ್ಟ್‌ನಲ್ಲಿ ಪಡೀಲು ಮತ್ತು ಜೋಕಟ್ಟೆ ನಡುವೆ ಕುಲಶೇಖರದಲ್ಲಿ ಗುಡ್ಡ ಜಾರಿ ಹಳಿ ಮೇಲೆ ಬಂದು ಕೊಂಕಣ ಕಡೆಯ ರೈಲುಗಳೆಲ್ಲ ನಿಂತವು. ಮೂಡುಬಿದಿರೆ ಹೆದ್ದಾರಿ ಅಗಲ ಮಾಡಲು ಕೆತ್ತಿಕಲ್ಲಿನಲ್ಲಿ ಗುಡ್ಡ ಕಡಿದ ಮೇಲೆ ಅಲ್ಲಿಯೂ ಭಯ ಶುರುವಾಯಿತು. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ, ಓರೆಯಾಗಿ ಕಡಿದರೆ ಅಪಾಯ ಕಮ್ಮಿ. ಆದರೆ ಅದಕ್ಕೆ ಜಾಗ ಜಾಸ್ತಿ ಬೇಕು. ನೆಟ್ಟಗೆ ಕಡಿಯುವುದು ಭೂಮಿಯ ದುಡ್ಡು ಉಳಿಸಲಿಕ್ಕೆ, ಅದರ ಬೆಲೆ ಕೊಡುವುದು ಕೆಳಗೆ ಇರುವವರು.

ಒಂದು ಊರು, ಮೂರು ರೈಲ್ವೆ

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಕೇರಳದ ಕಡೆಯಿಂದ. ಈಗಿನ ಸೆಂಟ್ರಲ್ ಆ ಹಳಿಯ ಕೊನೆ. ಅಲ್ಲಿಂದ ಮುಂದೆ ದಾರಿ ಇಲ್ಲ. ಹಾಸನದಿಂದ ಘಾಟಿ ಇಳಿದು ಬರುವ ಮೀಟರ್ ಗೇಜ್ ಹಳಿ 1979ರಲ್ಲಿ ಬಂತು. ಬ್ರಾಡ್‌ಗೇಜ್ ಮಾಡಲು ಅದನ್ನು ಮುಚ್ಚಿ, ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಬಡಗಿನಿಂದ ಕೊಂಕಣ ರೈಲ್ವೆ. ಅದರ ಮಂಗಳೂರು-ಉಡುಪಿ ತುಂಡು 1993ರಲ್ಲಿ, ಪೂರ್ತಿ ದಾರಿ 1998ರ ಜನವರಿ 26ಕ್ಕೆ.

ಮೂರು ಕಾಲದಲ್ಲಿ ಮೂರು ದಿಕ್ಕಿನಿಂದ ಬಂದ ಹಳಿಗಳಿಗೆ ಇವತ್ತಿಗೂ ಮೂರು ಯಜಮಾನರು. ಸೆಂಟ್ರಲ್, ಪಡೀಲಿನ ಬಳಿಯ ಮಂಗಳೂರು ಜಂಕ್ಷನ್ ಸ್ಟೇಷನ್, ಪಣಂಬೂರು ಇವೆಲ್ಲ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ. ವಲಯದ ಮುಖ್ಯ ಕಚೇರಿ ಚೆನ್ನೈಯಲ್ಲಿ. ಪಡೀಲಿನಿಂದ ಹಾಸನದ ಕಡೆಗೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ಮುಖ್ಯ ಕಚೇರಿ ಹುಬ್ಬಳ್ಳಿ. ಸುರತ್ಕಲ್ ಹತ್ತಿರದ ತೋಕೂರಿನಿಂದ ಬಡಗಿಗೆ ಕೊಂಕಣ ರೈಲ್ವೆ ನಿಗಮ. ಮುಖ್ಯ ಕಚೇರಿ ನವಿ ಮುಂಬೈಯ ಬೇಲಾಪುರ. ಈ ನಿಗಮ ಶುರುವಾದಾಗ ಕೇಂದ್ರದ ಪಾಲು ಶೇ. 51, ಕರ್ನಾಟಕದ್ದು ಶೇ. 15. ಪುತ್ತೂರಿನಿಂದ ಉಡುಪಿಗೆ ಒಂದು ಲೋಕಲ್ ರೈಲು ಬೇಕು ಅಂತ ಕೇಳಿದರೆ ಈ ಮೂರೂ ಕಚೇರಿ ಒಪ್ಪಬೇಕು. ಗಾಡಿ ಯಾರು ಕೊಡುವುದು, ಚಾಲಕ ಯಾರವನು, ತೊಳೆಯುವುದು ಎಲ್ಲಿ, ದುಡ್ಡು ಹಂಚಿಕೊಳ್ಳುವುದು ಹೇಗೆ? ಎಲ್ಲರಿಗೂ ಮಂಗಳೂರು ತಮ್ಮ ಹಳಿಯ ಒಂದು ತುದಿ. ಯಾರಿಗೂ ಅದು ನಡುಮನೆ ಅಲ್ಲ. ಮಂಗಳೂರಿಗೆ ಪ್ರತ್ಯೇಕ ವಿಭಾಗ ಬೇಕು ಅಂತ ಇಲ್ಲಿನ ಪ್ರಯಾಣಿಕರು ವರ್ಷಗಳಿಂದ ಕೇಳುತ್ತಿರುವುದರ ಹಿಂದೆ ಇರುವುದು ಈ ದಿನನಿತ್ಯದ ಕಷ್ಟ.

ಸೆಂಟ್ರಲ್ ಕೊನೆಯ ಸ್ಟೇಷನ್ ಆಗಿರುವುದರಿಂದ ಇನ್ನೊಂದು ತೊಡಕು. ಕೇರಳದಿಂದ ಗೋವಾಕ್ಕೆ ಹೋಗುವ ರೈಲು ಸೆಂಟ್ರಲ್ ಒಳಗೆ ಬಂದರೆ ಎಂಜಿನ್ ತಿರುಗಿಸಿ ಬಂದ ದಾರಿಯಲ್ಲೇ ಹೊರಗೆ ಹೋಗಬೇಕು. ಅದಕ್ಕೆ ಹೊತ್ತು ಬೇಕು, ಪ್ಲಾಟ್‌ಫಾರ್ಮ್ ಬೇಕು. ಹಾಗಾಗಿ ಆ ಗಾಡಿಗಳು ಜಂಕ್ಷನ್‌ನಲ್ಲಿ ನಿಂತು ಹಾಗೆಯೇ ಮುಂದೆ ಹೋಗುತ್ತವೆ. ಬೆಂಗಳೂರು-ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಜಂಕ್ಷನ್‌ಗೂ ಬರುವುದಿಲ್ಲ, ಪಡೀಲಿನ ಬೈಪಾಸ್ ಹಳಿಯಲ್ಲಿ ಹೊರಳಿ ಸುರತ್ಕಲ್‌ಗೆ ಹೋಗುತ್ತದೆ. ಉಡುಪಿ, ಕುಂದಾಪುರದವರಿಗೆ ಇದರಿಂದ ಬಹಳ ಹೊತ್ತು ಉಳಿಯಿತು. ಗಾಡಿ ಊರು ಮುಟ್ಟದೆ ಹೋಗುತ್ತದೆ ಅಂತ ಮಂಗಳೂರಿನವರು ಸಿಟ್ಟಾಗುವುದು ಸರಿಯಲ್ಲ ಅಂತ ನನಗೆ ಅನಿಸುತ್ತದೆ. ರೈಲು ಜಾಲದಲ್ಲಿ ಎಲ್ಲ ಗಾಡಿಯೂ ಎಲ್ಲ ಸ್ಟೇಷನ್ ಮುಟ್ಟಲೇಬೇಕು ಅಂದರೆ ಜಾಲವೇ ನಿಲ್ಲುತ್ತದೆ.

ಜಾಸ್ತಿ ರೈಲು ಯಾಕೆ ಬಿಡುವುದಿಲ್ಲ ಅನ್ನುವುದಕ್ಕೆ ಲೆಕ್ಕ ಇದೆ. ಒಂಟಿ ಹಳಿಯಲ್ಲಿ ಎರಡು ಸ್ಟೇಷನ್ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬಹುದು. ಎದುರಿನದ್ದು ಮುಂದಿನ ಸ್ಟೇಷನ್‌ನಲ್ಲಿ ಕಾಯಬೇಕು. ಭಾರತೀಯ ರೈಲ್ವೆಯಲ್ಲಿ ಸ್ಕಾಟ್ ಸೂತ್ರ ಅಂತ ಹಳೆಯದೊಂದು ಲೆಕ್ಕ ಬಳಸುತ್ತಾರೆ. ಅತಿ ಉದ್ದದ ತುಂಡನ್ನು ಅತಿ ನಿಧಾನದ ಗಾಡಿ ದಾಟಲು 20 ನಿಮಿಷ, ಸಿಗ್ನಲ್ ಕೆಲಸಕ್ಕೆ 5 ನಿಮಿಷ ಅಂತ ಇಟ್ಟುಕೊಳ್ಳಿ. ದಿನದ 1,440 ನಿಮಿಷವನ್ನು 25ರಿಂದ ಭಾಗಿಸಿದರೆ 57. ಅಷ್ಟೂ ಓಡಿಸಲು ಆಗುವುದಿಲ್ಲ, ರಿಪೇರಿಗೆ, ತಡಕ್ಕೆ ಬಿಡಬೇಕು. ಶೇ. 70 ಹಿಡಿದರೆ 40 ಗಾಡಿ. ಎರಡೂ ದಿಕ್ಕು ಸೇರಿ ಅಷ್ಟೇ. ಇಲ್ಲಿ ಗಮನಿಸಬೇಕಾದ್ದು ಒಂದು: 40 ಅನ್ನುವ ಸಂಖ್ಯೆಯನ್ನು ತೀರ್ಮಾನಿಸಿದ್ದು ಇಡೀ ಹಳಿ ಅಲ್ಲ, ಒಂದು ಉದ್ದದ ತುಂಡು. ಆ ತುಂಡಿನ ನಡುವೆ ಒಂದು ಕ್ರಾಸಿಂಗ್ ಸ್ಟೇಷನ್ ಹಾಕಿ 20 ನಿಮಿಷವನ್ನು 10 ಮಾಡಿದರೆ ಅಲ್ಲಿನ ಲೆಕ್ಕ 67ಕ್ಕೆ ಏರುತ್ತದೆ. ಇಡೀ ದಾರಿಗೆ ಜೋಡಿ ಹಳಿ ಹಾಕುವ ಖರ್ಚಿಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಹಳಿ ಕವಲಾಗುವ ನೇತ್ರಾವತಿ ಕ್ಯಾಬಿನ್‌ನಿಂದ ಸೆಂಟ್ರಲ್‌ಗೆ ಇದ್ದ ಚಿಕ್ಕ ಒಂಟಿ ಹಳಿಯೇ ಎಷ್ಟೋ ವರ್ಷ ಗಾಡಿಗಳನ್ನು ಹೊರಗೆ ನಿಲ್ಲಿಸುತ್ತಿತ್ತು. ಈಗ ಅಲ್ಲಿ ಜೋಡಿ ಹಳಿ ಆಗಿದೆ, ಸೆಂಟ್ರಲ್‌ನಲ್ಲಿ ಪ್ಲಾಟ್‌ಫಾರ್ಮ್‌ಗಳೂ ಹೆಚ್ಚಾಗಿವೆ. ಇದೂ ಒಂದು ಕೂಡುವ ಜಾಗವೇ, ಅಲ್ವಾ?

ಜಾಗ ಸಿಗುವುದು ಹೇಗೆ?

ರಾಷ್ಟ್ರೀಯ ಹೆದ್ದಾರಿಗೆ ಜಾಗ ಬೇಕಾದರೆ ಮೊದಲು 1956ರ ಹೆದ್ದಾರಿ ಕಾಯ್ದೆಯ ಸೆಕ್ಷನ್ 3ಎ ಅಧಿಸೂಚನೆ ಬರುತ್ತದೆ, ಇಂಥ ಜಾಗ ಬೇಕು ಅಂತ ಹೇಳುವುದು. ಅದನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಹಾಕಬೇಕು, ಒಂದು ಕನ್ನಡದ್ದು. ಗೆಜೆಟ್‌ನಲ್ಲಿ ಬಂದ ದಿನದಿಂದ 21 ದಿನದೊಳಗೆ ಆಕ್ಷೇಪ ಕೊಡಬಹುದು. ಆಮೇಲೆ ಒಂದು ವರ್ಷದೊಳಗೆ 3ಡಿ, ಅಂದರೆ ಸ್ವಾಧೀನದ ಘೋಷಣೆ ಬರಬೇಕು. ಬಂದ ಕೂಡಲೇ ಜಾಗ ಕೇಂದ್ರ ಸರ್ಕಾರದ್ದಾಗುತ್ತದೆ. ಪರಿಹಾರ 2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕದಲ್ಲಿ. ಪೇಟೆಯಲ್ಲಿ ಮಾರುಕಟ್ಟೆ ಬೆಲೆಯ ಎರಡು ಪಟ್ಟು, ಹಳ್ಳಿಯಲ್ಲಿ ನಾಲ್ಕು ಪಟ್ಟಿನವರೆಗೂ. ಮಾರುಕಟ್ಟೆ ಬೆಲೆ ಅಂದರೆ ಏನು ಅನ್ನುವುದರಲ್ಲಿ ಜಗಳ ಹುಟ್ಟುತ್ತದೆ. ಸರ್ಕಾರ ನೋಡುವುದು ಮಾರ್ಗಸೂಚಿ ದರವನ್ನು, ಸುತ್ತಿನ ಮೂರು ವರ್ಷದ ಕ್ರಯಪತ್ರಗಳನ್ನು. ನೋಂದಣಿಯಲ್ಲಿ ಕಮ್ಮಿ ಬರೆಸಿಕೊಂಡು ಬಂದ ಊರಿನಲ್ಲಿ ಆ ಪತ್ರಗಳು ನಿಜ ಬೆಲೆ ಹೇಳುವುದಿಲ್ಲ. ಕೃಷಿಯೇತರ ಬಳಕೆಗೆ ಕನ್ವರ್ಷನ್ ಆದ ಜಾಗವನ್ನು ಕೃಷಿ ಭೂಮಿ ಅಂತ ಲೆಕ್ಕ ಹಾಕಿದರೆ ವಿಷಯ ಕೋರ್ಟಿಗೆ ಹೋಗುತ್ತದೆ.

ಊರೊಳಗಿನ ರಸ್ತೆಗೆ ಪಾಲಿಕೆಯ ಹತ್ತಿರ ಅಷ್ಟು ದುಡ್ಡು ಇಲ್ಲ. ಅದಕ್ಕೆ ಟಿಡಿಆರ್ ಅನ್ನುವ ವ್ಯವಸ್ಥೆ ಇದೆ. ಜಾಗ ಬಿಟ್ಟುಕೊಟ್ಟವರಿಗೆ ದುಡ್ಡಿನ ಬದಲು ಬೇರೆ ಕಡೆ ಹೆಚ್ಚುವರಿ ಕಟ್ಟುವ ಹಕ್ಕಿನ ಪತ್ರ. ಅದನ್ನು ಬಿಲ್ಡರ್‌ಗೆ ಮಾರಿಕೊಳ್ಳಬಹುದು. ಬಿಲ್ಡರ್ ಕೊಂಡರೆ ಮಾತ್ರ ಆ ಪತ್ರಕ್ಕೆ ಬೆಲೆ. ರಸ್ತೆ ಬದಿಯಲ್ಲಿ ಐದು ಸೆಂಟ್ಸ್ ಜಾಗದಲ್ಲಿ ಅಂಗಡಿ ಇಟ್ಟುಕೊಂಡವನಿಗೆ ಎರಡು ಸೆಂಟ್ಸ್ ಹೋದರೆ ಹೋಗುವುದು ಜಾಗ ಅಲ್ಲ, ಅಂಗಡಿಯೇ. ಅವನಿಗೆ ಪತ್ರ ಕೊಟ್ಟು ಸಮಾಧಾನ ಮಾಡುವುದು ನ್ಯಾಯ ಅಲ್ಲ. ಅಂಥವರಿಗೆ ಪಾಲಿಕೆ ದುಡ್ಡನ್ನೇ ಕೊಡಬೇಕು.

ಇನ್ನೊಂದು ದಾರಿ ಕಟ್ಟಡ ಕಟ್ಟುವಾಗಲೇ ರಸ್ತೆಗೆ ಜಾಗ ಬಿಡಿಸಿಕೊಳ್ಳುವುದು. ಮಾಸ್ಟರ್ ಪ್ಲಾನ್‌ನಲ್ಲಿ ಅಗಲ ಗುರುತಿಸಿ, ಲೈಸೆನ್ಸ್ ಕೊಡುವಾಗ ಹಿಂದೆ ಸರಿಸುತ್ತಾರೆ. ಹೊಸ ಕಟ್ಟಡ ಹಿಂದೆ ಹೋಗುತ್ತದೆ, ಪಕ್ಕದ ಹಳೆ ಮನೆ, ಅದರ ಮುರಕಲ್ಲಿನ ಕಂಪೌಂಡು, ಕಟ್ಟೆ, ನಾಗಬನ ಅಲ್ಲೇ ಉಳಿಯುತ್ತವೆ. ರಸ್ತೆ ಹಲ್ಲು ಮುರಿದ ಬಾಚಣಿಗೆಯ ಹಾಗೆ ಆಗುತ್ತದೆ. ಸಿಕ್ಕ ಜಾಗದಲ್ಲಿ ಕಾರು ನಿಲ್ಲುತ್ತದೆ, ರಸ್ತೆಗೆ ಏನೂ ಸಿಗುವುದಿಲ್ಲ. ಈ ಕ್ರಮ ಕೆಲಸ ಮಾಡಬೇಕಾದರೆ ಇಡೀ ರಸ್ತೆಗೆ ಚೆಲ್ಲಬಾರದು, ಜಂಕ್ಷನ್‌ನ ಸುತ್ತಿನ ಇನ್ನೂರು ಮೀಟರಿಗೆ ಮೊದಲು ಅನ್ವಯಿಸಿ, ಅಲ್ಲಿನ ಉಳಿದವರಿಗೆ ದುಡ್ಡು ಕೊಟ್ಟು ಒಂದೇ ಸಲ ಮುಗಿಸಬೇಕು.

ಇಷ್ಟೆಲ್ಲ ಹೇಳುವಾಗ ಬಸ್ಸನ್ನು ಮರೆಯಬಾರದು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಸಿಟಿ ಬಸ್ಸಿನಲ್ಲಿ 50 ಜನ ಇರುತ್ತಾರೆ. ಕಂಡಕ್ಟರ್ ತುಳುವಿನಲ್ಲಿ "ಪೋಯಿ ಪೋಯಿ" (ಹೋಗೋಣ ಹೋಗೋಣ) ಅಂತ ಕೂಗಿ ಇನ್ನಷ್ಟು ಜನರನ್ನು ಹತ್ತಿಸುತ್ತಾನೆ. ಅದೇ 50 ಜನ ಕಾರಿನಲ್ಲಿ ಇಬ್ಬಿಬ್ಬರಂತೆ ಬಂದರೂ 25 ಕಾರು. ನಂತೂರಿನ ಆ ಅರ್ಧ ಲೇನ್‌ನಲ್ಲಿ ಯಾರನ್ನು ಮೊದಲು ಬಿಡಬೇಕು ಅಂತ ಬೇರೆ ಹೇಳಬೇಕಾಗಿಲ್ಲ. ಆದರೆ ಬಸ್ಸು ಮತ್ತು ರೈಲು ಇಲ್ಲಿ ಸೇರುವುದೇ ಇಲ್ಲ. ಸಿಟಿ ಮತ್ತು ಸರ್ವಿಸ್ ಬಸ್ಸು ಸ್ಟೇಟ್‌ಬ್ಯಾಂಕಿನಲ್ಲಿ, ಕೆಎಸ್‌ಆರ್‌ಟಿಸಿ ಬಿಜೈಯಲ್ಲಿ, ಒಂದು ಸ್ಟೇಷನ್ ಹಂಪನಕಟ್ಟೆ ಬಳಿ, ಇನ್ನೊಂದು ಪಡೀಲಿನ ಬಳಿ. ಬೆಳಗ್ಗೆ ಜಂಕ್ಷನ್ ಸ್ಟೇಷನ್‌ನಲ್ಲಿ ಇಳಿದವನಿಗೆ ಲಗೇಜು ಹೊತ್ತು ಹೆದ್ದಾರಿಯವರೆಗೆ ನಡೆಯುವುದು ಅಥವಾ ರಿಕ್ಷಾದವನು ಹೇಳಿದಷ್ಟು ಕೊಡುವುದು. ಬಸ್ಸನ್ನು ಆ ಸ್ಟೇಷನ್ ಬಾಗಿಲಿಗೇ ತರುವುದಕ್ಕೆ ಫ್ಲೈಓವರ್ ಬೇಡ, ಸುರಂಗ ಬೇಡ. ಪರ್ಮಿಟ್‌ನಲ್ಲಿ ಒಂದು ಸಾಲು, ರೈಲಿನ ಟೈಮಿಗೆ ಹೊಂದುವ ಟ್ರಿಪ್ಪು, ಬಸ್ಸು ತಿರುಗುವಷ್ಟು ಅಂಗಳ ಸಾಕು. ಪಂಪ್‌ವೆಲ್‌ನಲ್ಲಿ ಬಸ್ ನಿಲ್ದಾಣಕ್ಕೆ ಅಂತಲೇ ಪಾಲಿಕೆ ವರ್ಷಗಳ ಹಿಂದೆ ಜಾಗ ತೆಗೆದಿರಿಸಿತು. ಎರಡು ಹೆದ್ದಾರಿ ಸೇರುವಲ್ಲಿ, ಜಂಕ್ಷನ್ ಸ್ಟೇಷನ್‌ಗೆ ಹತ್ತಿರದಲ್ಲಿ ಅಷ್ಟು ಜಾಗ ಇನ್ನೊಮ್ಮೆ ಸಿಗುವುದಿಲ್ಲ. ಅಲ್ಲಿ ಬೇರೆ ಏನನ್ನೂ ಕಟ್ಟದೆ ಬಸ್ಸಿಗೇ ಉಳಿಸಿಕೊಳ್ಳಬೇಕು.

ಮುಂದೆ ನಿಮ್ಮ ಕಡೆ 3ಎ ಅಧಿಸೂಚನೆಯೋ ಮಾಸ್ಟರ್ ಪ್ಲಾನ್‌ನ ಕರಡೋ ಬಂದಾಗ ಆಕ್ಷೇಪದಲ್ಲಿ ಪರಿಹಾರದ ಮಾತು ಮಾತ್ರ ಬರೆಯಬೇಡಿ. ಈ ಜಂಕ್ಷನ್‌ನ ನೀರು ಯಾವ ತೋಡಿಗೆ ಹೋಗುತ್ತದೆ, ಗುಡ್ಡವನ್ನು ಎಷ್ಟು ಓರೆಯಲ್ಲಿ ಕಡಿಯುತ್ತೀರಿ, ಪೈಪು ಸರಿಸುವ ಖರ್ಚು ಯಾರ ಲೆಕ್ಕದಲ್ಲಿದೆ, ಗುತ್ತಿಗೆಯ ಗಡಿ ಎಲ್ಲಿ ಮುಗಿಯುತ್ತದೆ, ಬಸ್ಸು ಎಲ್ಲಿ ನಿಲ್ಲುತ್ತದೆ, ನಡೆಯುವವರು ಎಲ್ಲಿ ದಾಟುತ್ತಾರೆ ಅಂತ ಕೇಳಿ. ಹೆದ್ದಾರಿ ಕಾಯ್ದೆಯಲ್ಲಿ ಆಕ್ಷೇಪ ಕೊಟ್ಟವರಿಗೆ ಅಧಿಕಾರಿಯ ಎದುರು ತಾವೇ ಅಥವಾ ವಕೀಲರ ಮೂಲಕ ಮಾತಾಡುವ ಹಕ್ಕು ಇದೆ. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. 21 ದಿನ ಬೇಗ ಮುಗಿಯುತ್ತದೆ, ಪೇಪರಿನ ಒಳಪುಟದ ಸಣ್ಣಕ್ಷರದ ಪ್ರಕಟಣೆ ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ.